ಒತ್ತು ಎಲ್ಲಿ ಬೀಳುತ್ತದೆ: ಇಂಗ್ಲಿಷ್ ನಾಲಿಗೆಗೆ ಕ್ಯಾಟಲಾನ್

(ಭಾಷಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಬಾರ್ಸಿಲೋನಾದ ಫುಟ್ಬಾಲ್ ಕ್ರೀಡಾಂಗಣದ ಹೆಸರು ನಿಮಗೆಲ್ಲ ಗೊತ್ತು. ಇಂಗ್ಲಿಷ್ ವೀಕ್ಷಕ ವಿವರಣೆ ಕೇಳುತ್ತ ಬೆಳೆದವರು ಅದನ್ನು 'ಕ್ಯಾಂಪ್ ನೌ' ಎನ್ನುತ್ತಾರೆ. ಆ ಊರಿನ ಭಾಷೆಯಾದ ಕ್ಯಾಟಲಾನಿನಲ್ಲಿ ಅದು 'ಕಾಮ್ ನೊವ್'. ಮೊದಲ ಪದದ ಕೊನೆಯಲ್ಲಿ 'ಪಿ' ಅಕ್ಷರ ಬರೆದಿದೆ, ಆದರೆ ಯಾರೂ ಅದನ್ನು ಉಚ್ಚರಿಸುವುದಿಲ್ಲ. ಅದೇ ತಂಡದ ಅಕ್ಕರೆಯ ಹೆಸರು 'ಬಾರ್ಸ'. ಅಲ್ಲಿರುವ 'ಸಿ' ಅಕ್ಷರದ ಕೆಳಗೆ ಒಂದು ಸಣ್ಣ ಬಾಲವಿದೆ. ಆ ಬಾಲ ತೆಗೆದರೆ ಪದ 'ಬಾರ್ಕ' ಆಗುತ್ತದೆ, ಅರ್ಥವೂ 'ದೋಣಿ' ಎಂದಾಗುತ್ತದೆ. ಎರಡು ಚಿಕ್ಕ ಹೆಸರುಗಳಲ್ಲೇ ಕ್ಯಾಟಲಾನ್ ಬರವಣಿಗೆಯ ಎರಡು ಸ್ವಭಾವಗಳು ಕಾಣಿಸಿಕೊಂಡವು. ಬರೆದದ್ದೆಲ್ಲ ಕೇಳಿಸುವುದಿಲ್ಲ. ಆದರೆ ಬರೆದ ಯಾವುದೂ ಸುಮ್ಮನೆ ಬರೆದದ್ದಲ್ಲ.

ಮುಂದುವರಿಯುವ ಮೊದಲು ನಾನು ಕನ್ನಡ ಲಿಪಿಯನ್ನು ಬಳಸುವ ರೀತಿ ಹೇಳಿಬಿಡುತ್ತೇನೆ. ಉಚ್ಚಾರದ ಒತ್ತು ಬಿದ್ದ ಸ್ವರವನ್ನು ಸಾಮಾನ್ಯವಾಗಿ ದೀರ್ಘವಾಗಿ ಬರೆಯುತ್ತೇನೆ, ಒಂದೇ ಉಚ್ಚಾರಾಂಶದ ಪದಗಳಲ್ಲಿ ಕೆಲವೊಮ್ಮೆ ಬಿಟ್ಟಿದ್ದೇನೆ. ಸ್ವರ ಅಷ್ಟು ಉದ್ದ ಎಳೆಯುತ್ತದೆ ಎಂದು ತಿಳಿಯಬೇಡಿ, ಒತ್ತಿನ ಜಾಗ ತೋರಿಸಲು ಮಾತ್ರ ಅದು. 'ಒತ್ತು' ಎಂದಾಗ ಒತ್ತಕ್ಷರ ನೆನಪಾಗಬಾರದು, ಇಲ್ಲಿ ಅದು ಉಸಿರಿನ ಒತ್ತು. 'ಜ಼' ಎಂದು ಚುಕ್ಕೆಯಿಟ್ಟು ಬರೆದದ್ದು ಇಂಗ್ಲಿಷಿನ 'ಜ಼ೂ' ಪದದ ಮೊದಲ ಧ್ವನಿ. ಇಂಗ್ಲಿಷಿನ 'ಮೆಷರ್', 'ಪ್ಲೆಷರ್' ಪದಗಳ ನಡುವೆ ಬರುವ ಧ್ವನಿಗೆ ನಮ್ಮಲ್ಲಿ ಅಕ್ಷರವಿಲ್ಲ, ಅದಕ್ಕೆ 'ಝ' ಬಳಸುತ್ತೇನೆ. ದಯವಿಟ್ಟು ಮಹಾಪ್ರಾಣವಾಗಿ ಓದಬೇಡಿ.

ಕ್ಯಾಟಲಾನ್ ಎಲ್ಲಿಯ ಭಾಷೆ ಎಂಬುದನ್ನು ಬೇಗ ಮುಗಿಸುತ್ತೇನೆ. ಸ್ಪೇನ್ ದೇಶದ ಈಶಾನ್ಯ ಮೂಲೆಯ ಕ್ಯಾಟಲೋನಿಯಾ, ಅದರ ದಕ್ಷಿಣಕ್ಕೆ ವೆಲೆನ್ಸಿಯಾ, ಮಯೋರ್ಕಾ ಮೊದಲಾದ ಬ್ಯಾಲಿಯಾರಿಕ್ ದ್ವೀಪಗಳು, ಗಡಿಯಾಚೆ ಫ್ರಾನ್ಸಿನ ಪೆರ್ಪಿಞಾನ್ ಸುತ್ತಲಿನ ಪ್ರದೇಶ, ಇಟಲಿಯ ಸಾರ್ಡೀನಿಯಾ ದ್ವೀಪದ ಆಲ್ಗೆರೋ ಎಂಬ ಒಂದು ಊರು, ಮತ್ತು ಆಂಡೋರಾ ಎಂಬ ಪುಟ್ಟ ದೇಶ. ಆಂಡೋರಾದಲ್ಲಿ ಇದೊಂದೇ ಅಧಿಕೃತ ಭಾಷೆ. ವೆಲೆನ್ಸಿಯಾದವರು ಇದನ್ನು ವೆಲೆನ್ಸಿಯನ್ ಎಂದು ಕರೆಯುತ್ತಾರೆ. ಲ್ಯಾಟಿನ್ ಮೂಲದ ಭಾಷೆಯಾದರೂ ಇದು ಸ್ಪ್ಯಾನಿಷಿನ ಉಪಭಾಷೆಯಲ್ಲ. ಇದರ ಅತಿ ಹತ್ತಿರದ ನೆಂಟಸ್ತಿಕೆ ದಕ್ಷಿಣ ಫ್ರಾನ್ಸಿನ ಆಕ್ಸಿಟನ್ ಜೊತೆಗೆ.

ಇಂಗ್ಲಿಷ್ ಮಾತೃಭಾಷೆಯವರ ಜೊತೆ ಕುಳಿತು ಈ ಭಾಷೆಯನ್ನು ಕಲಿತವನು ನಾನು. ಅವರ ಕಷ್ಟಗಳನ್ನು ಹತ್ತಿರದಿಂದ ಕಂಡ ಮೇಲೆ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಕ್ಯಾಟಲಾನ್ ಧ್ವನಿಗಳಿಗೆ ಬೇಕಾದ ತಯಾರಿಯ ಬಹುಪಾಲು ಇಂಗ್ಲಿಷ್ ಕಿವಿಯಲ್ಲೇ ಇದೆ. ಆದರೆ ಅವರು ಕ್ಯಾಟಲಾನ್ ತರಗತಿಗೆ ಬರುವ ಹೊತ್ತಿಗೆ ಶಾಲೆಯಲ್ಲೋ ಮೊಬೈಲ್ ಆ್ಯಪಿನಲ್ಲೋ ಸ್ಪ್ಯಾನಿಷ್ ಕಲಿತಿರುತ್ತಾರೆ. ಕಾಗದದ ಮೇಲೆ ಎರಡೂ ಭಾಷೆಗಳು ಒಂದೇ ಮನೆಯವರಂತೆ ಕಾಣುತ್ತವೆ. ಹಾಗಾಗಿ ಕಣ್ಣು ಸ್ಪ್ಯಾನಿಷ್ ಓದತೊಡಗುತ್ತದೆ, ನಾಲಿಗೆ ಅದನ್ನು ಹಿಂಬಾಲಿಸುತ್ತದೆ. ತಮ್ಮದೇ ಭಾಷೆಯಲ್ಲಿ ದಿನವೂ ನುಡಿಯುವ ಧ್ವನಿಗಳನ್ನು ಬದಿಗಿಟ್ಟು, ಎರವಲು ತಂದ ಧ್ವನಿಗಳಲ್ಲಿ ಕ್ಯಾಟಲಾನ್ ಓದುತ್ತಾರೆ.

ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಸ್ವರಗಳಲ್ಲಿ. ಸ್ಪ್ಯಾನಿಷಿನಲ್ಲಿ ಐದು ಸ್ವರಗಳು. ಒತ್ತು ಬಿದ್ದರೂ ಬೀಳದಿದ್ದರೂ ಅವು ಐದೇ. ಬಾರ್ಸಿಲೋನಾದ ಕ್ಯಾಟಲಾನಿನಲ್ಲಿ ಒತ್ತು ಬಿದ್ದ ಜಾಗದಲ್ಲಿ ಏಳು ಸ್ವರಗಳಿವೆ: ಆ, ಇ, ಉ, ಜೊತೆಗೆ ಎರಡು ಬಗೆಯ ಎ, ಎರಡು ಬಗೆಯ ಒ. ಒತ್ತು ಇಲ್ಲದ ಜಾಗದಲ್ಲಿ ಆ ಏಳೂ ಕುಗ್ಗಿ ಮೂರಾಗುತ್ತವೆ. 'ಎ' ಎಂಬ ಅಕ್ಷರ ಬರೆದಿರಲಿ, 'ಇ' ಎಂಬ ಅಕ್ಷರ ಬರೆದಿರಲಿ, ಅಂದರೆ ಇಂಗ್ಲಿಷ್ ವರ್ಣಮಾಲೆಯ ಮೊದಲನೆಯ ಅಕ್ಷರವಿರಲಿ ಐದನೆಯದಿರಲಿ, ಒತ್ತು ಇಲ್ಲದಿದ್ದರೆ ಎರಡೂ ಒಂದೇ ಸಡಿಲ ಧ್ವನಿಯಾಗುತ್ತವೆ. ಅಲ್ಲಿಯ ಶಿಕ್ಷಕರು ಅದನ್ನು 'ತಟಸ್ಥ ಸ್ವರ' ಎನ್ನುತ್ತಾರೆ. ನಾವು ಮಾತಿನಲ್ಲಿ ಬಾಯಿ ಪೂರ್ತಿ ತೆರೆಯದೆ ಹೇಳುವ ಹ್ರಸ್ವ 'ಅ' ಅದಕ್ಕೆ ಸಮೀಪ. 'ಒ' ಅಕ್ಷರಕ್ಕೆ ಒತ್ತು ತಪ್ಪಿದರೆ ಅದು 'ಉ' ಆಗುತ್ತದೆ. ಇ ಮತ್ತು ಉ ಧ್ವನಿಗಳು ಮಾತ್ರ ಎಲ್ಲಿದ್ದರೂ ಹಾಗೆಯೇ ಉಳಿಯುತ್ತವೆ.

ಆದ್ದರಿಂದ ಆ ನಗರದ ಹೆಸರು 'ಬರ್ಸಲೋನ'. ಭಾಷೆಯ ಹೆಸರು 'ಕತಲಾ'. ನಾಡಿನ ಹೆಸರು 'ಕತಲೂಞ'. ಚಿತ್ರಕಾರ ಮಿರೋನ ಮೊದಲ ಹೆಸರನ್ನು ಇಂಗ್ಲಿಷಿನವರು 'ಜೋನ್' ಎಂದೋ, ಸ್ಪ್ಯಾನಿಷ್ ಬಲ್ಲವರು 'ಹೋಆನ್' ಎಂದೋ ಓದಿಬಿಡುತ್ತಾರೆ. ಸರಿಯಾದದ್ದು 'ಝುಆನ್'. ಬರೆದದ್ದು ಒ, ನುಡಿಯುವುದು ಉ, ಏಕೆಂದರೆ ಒತ್ತು ಕೊನೆಯ ಆ ಮೇಲಿದೆ. ಬೆನೆಡಿಕ್ಟೈನ್ ಮಠವಿರುವ ಆ ವಿಚಿತ್ರ ಶಿಖರಗಳ ಬೆಟ್ಟ 'ಮುನ್ಸರ್ರಾತ್'. 'ನಾನು ಮಾತನಾಡುತ್ತೇನೆ' ಎಂಬ ಕ್ರಿಯಾಪದ ಕೊನೆಯಲ್ಲಿ ಒ ಅಕ್ಷರ ಹೊತ್ತಿದ್ದರೂ ಬಾಯಲ್ಲಿ 'ಪಾರ್ಲು'.

ಸ್ಪ್ಯಾನಿಷ್ ಮಾತೃಭಾಷೆಯವರಿಗೆ ಈ ಕುಗ್ಗುವಿಕೆ ನಿಜವಾಗಿಯೂ ಕಷ್ಟ. ಇಂಗ್ಲಿಷಿನವರಿಗೆ ಇದು ಹುಟ್ಟಿನಿಂದ ಬಂದದ್ದು. 'ಬನಾನ' ಎಂಬ ಇಂಗ್ಲಿಷ್ ಪದದಲ್ಲಿ ಒಂದೇ ಅಕ್ಷರವನ್ನು ಮೂರು ಸಲ ಬರೆಯುತ್ತಾರೆ, ನಡುವಿನದು ಮಾತ್ರ ಪೂರ್ಣವಾಗಿ ಕೇಳಿಸುತ್ತದೆ, ಮೊದಲನೆಯದೂ ಕೊನೆಯದೂ ತಟಸ್ಥ ಸ್ವರಗಳು. ಒಂದು ಇಂಗ್ಲಿಷ್ ಮಗು ಶಾಲೆಗೆ ಹೋಗುವ ಮೊದಲೇ ಇದನ್ನು ಬಲ್ಲದು. ತರಗತಿಯಲ್ಲಿ ಶಿಕ್ಷಕಿ ಈ ಒಂದು ಪದವನ್ನು ನೆನಪಿಸಿದ ಕೂಡಲೇ ಇಂಗ್ಲಿಷ್ ಭಾಷಿಕರ 'ಬರ್ಸಲೋನ' ಸರಿಯಾಗುವುದನ್ನು ನಾನು ಕಂಡಿದ್ದೇನೆ, ಅದು ನೋಡಲು ಸಂತೋಷ ಕೊಡುವ ಸಂಗತಿ. ಒಂದು ಎಚ್ಚರಿಕೆ ಮಾತ್ರ ಬೇಕು. ಇಂಗ್ಲಿಷ್ ತನ್ನ ಇ, ಉ ಸ್ವರಗಳನ್ನೂ ಹಲವು ಕಡೆ ಸಡಿಲಿಸಿಬಿಡುತ್ತದೆ. ಕ್ಯಾಟಲಾನ್ ಹಾಗೆ ಮಾಡುವುದಿಲ್ಲ. 'ಝಿರೋನ' ಎಂಬ ಊರಿನ ಮೊದಲ ಇ ಒತ್ತಿಲ್ಲದಿದ್ದರೂ ಸ್ಫುಟವಾದ ಇ.

ಇಷ್ಟಾದ ಮೇಲೆ ಇಡೀ ಉಚ್ಚಾರ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಒತ್ತು ಎಲ್ಲಿ? ಒತ್ತಿನ ಜಾಗ ತಪ್ಪಿದರೆ ಪದದ ಸ್ವರಗಳೂ ತಪ್ಪುತ್ತವೆ. ಇಂಗ್ಲಿಷ್ ಬರವಣಿಗೆ ಈ ಪ್ರಶ್ನೆಗೆ ಉತ್ತರ ಕೊಡುವುದೇ ಇಲ್ಲ. ಇಂಗ್ಲಿಷಿನವರು ಪ್ರತಿ ಪದದ ಒತ್ತನ್ನು ಕೇಳಿಯೇ ಕಲಿಯಬೇಕು. ಕ್ಯಾಟಲಾನ್ ಬರವಣಿಗೆ ಉತ್ತರ ಕೊಡುತ್ತದೆ, ಅದೂ ಚೊಕ್ಕವಾಗಿ. ಪದವು ಐದು ಸ್ವರಾಕ್ಷರಗಳಲ್ಲಿ ಒಂದರಿಂದ, ಅಥವಾ ಸ್ವರಾಕ್ಷರದ ನಂತರ ಎಸ್ ಬಂದು, ಅಥವಾ 'ಇ-ಎನ್' ಹಾಗೂ 'ಐ-ಎನ್' ಎಂಬ ಅಕ್ಷರಜೋಡಿಗಳಿಂದ ಮುಗಿದರೆ ಒತ್ತು ಕೊನೆಯಿಂದ ಎರಡನೆಯ ಉಚ್ಚಾರಾಂಶದ ಮೇಲೆ. ಬೇರೆ ಹೇಗೆ ಮುಗಿದರೂ ಒತ್ತು ಕೊನೆಯದರ ಮೇಲೆ. ಈ ನಿಯಮ ಮೀರುವ ಪದಗಳಲ್ಲಿ ಒತ್ತು ಬಿದ್ದ ಸ್ವರಾಕ್ಷರದ ಮೇಲೆ ಸಣ್ಣ ಓರೆ ಗೆರೆ ಹಾಕುತ್ತಾರೆ. ಕೊನೆಯಿಂದ ಮೂರನೆಯದರ ಮೇಲೆ ಒತ್ತು ಇದ್ದರೆ ಗೆರೆ ಕಡ್ಡಾಯ.

ವಾಸ್ತುಶಿಲ್ಪಿ ಗವ್‌ದೀ ಹೆಸರಿನ ಕೊನೆಯಲ್ಲಿ ಗೆರೆ ಇರುವುದು ಇದೇ ಕಾರಣಕ್ಕೆ. ಸಗ್ರಾದ ಫಮೀಲಿಅ ಚರ್ಚ್ ನೋಡಲು ಹೋದ ಇಂಗ್ಲಿಷ್ ಪ್ರವಾಸಿಗಳು ಒತ್ತನ್ನು 'ಗೌ' ಮೇಲೆ ಹಾಕುತ್ತಾರೆ, ಹೆಸರಿನ ಮೇಲೆ ಉತ್ತರ ಬರೆದಿದ್ದರೂ ಅದನ್ನು ಯಾರೂ ಅವರಿಗೆ ಓದಿಸಿರುವುದಿಲ್ಲ. 'ಕತಲಾ' ಪದಕ್ಕೆ ಗೆರೆ ಉಂಟು, ಅದರ ಬಹುವಚನ 'ಕತಲಾನ್ಸ್' ಪದಕ್ಕೆ ಇಲ್ಲ. ಒತ್ತು ಅದೇ ಜಾಗದಲ್ಲಿದೆ, ಆದರೆ ಪದದ ಕೊನೆ ಬದಲಾದ್ದರಿಂದ ಗೆರೆಯ ಅಗತ್ಯ ಮುಗಿಯಿತು. ಸ್ಪ್ಯಾನಿಷ್ ಕಣ್ಣು ಎಡವುವ ಇನ್ನೊಂದು ಜಾಗ 'ಮರೀಅ' ಎಂಬ ಹೆಸರು. ಸ್ಪ್ಯಾನಿಷಿನಲ್ಲಿ ಅದಕ್ಕೆ ಗೆರೆ ಬೇಕು. ಕ್ಯಾಟಲಾನಿನಲ್ಲಿ ಇ ಮತ್ತು ಅ ಬೇರೆ ಬೇರೆ ಉಚ್ಚಾರಾಂಶಗಳಾಗಿ ಎಣಿಕೆಯಾಗುವುದರಿಂದ ಒತ್ತು ತಾನಾಗಿ ಸರಿಯಾದ ಜಾಗಕ್ಕೆ ಬೀಳುತ್ತದೆ, ಗೆರೆ ಬೇಡ.

ಈ ಗೆರೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಎಡದಿಂದ ಬಲಕ್ಕೆ ಇಳಿಯುವ ಗೆರೆ ಬಾಯಿ ಅಗಲಿಸಿದ, ತೆರೆದ ಸ್ವರವನ್ನು ಸೂಚಿಸುತ್ತದೆ. ಎಡದಿಂದ ಬಲಕ್ಕೆ ಏರುವ ಗೆರೆ ಮುಚ್ಚಿದ ಸ್ವರವನ್ನು ಸೂಚಿಸುತ್ತದೆ. ಎರಡು ಬಗೆಯ ಎ, ಎರಡು ಬಗೆಯ ಒ ಎಂದೆನಲ್ಲ, ಅವನ್ನು ಬೇರ್ಪಡಿಸುವುದು ಹೀಗೆ. ಕನ್ನಡದ ಎ-ಏ ಭೇದ ಉದ್ದದ್ದು, ಇದು ಬಾಯಿ ತೆರೆಯುವ ಅಳತೆಯದ್ದು. ಇಂಗ್ಲಿಷಿನ 'ಬೆಡ್' ಪದದ ಸ್ವರ ತೆರೆದ ಎ ಧ್ವನಿಗೆ ಸಾಕಷ್ಟು ಹತ್ತಿರ. ಮುಚ್ಚಿದ ಎ, ಒ ಗಳಲ್ಲಿ ಇಂಗ್ಲಿಷಿನವರಿಗೆ ತೊಂದರೆಯಿದೆ. ಅವರು 'ಡೇ', 'ಗೋ' ಎನ್ನುವಾಗ ಸ್ವರ ಒಂದೆಡೆ ನಿಲ್ಲದೆ ಜಾರುತ್ತದೆ, ಕೊನೆಗೆ ಒಂದು ಯ ಅಥವಾ ವ ಛಾಯೆ ಸೇರಿಕೊಳ್ಳುತ್ತದೆ. 'ಮಿರೋ' ಎನ್ನುವಾಗ ಆ ಬಾಲ ಬರಬಾರದು. ನನ್ನ ಪ್ರಕಾರ ಇಂಗ್ಲಿಷ್ ಭಾಷಿಕರು ನಿಜವಾಗಿ ಶ್ರಮಪಡಬೇಕಾದ ಜಾಗ ಇದು, ಎಲ್ಲರೂ ಹೆದರುವ ರ-ಕಾರಕ್ಕಿಂತ ಹೆಚ್ಚಾಗಿ ಇದು.

ಗೆರೆ ಇಲ್ಲದ ಪದಗಳಲ್ಲಿ ತೆರೆದದ್ದೋ ಮುಚ್ಚಿದ್ದೋ ಎಂಬುದನ್ನು ಬರವಣಿಗೆ ಹೇಳುವುದಿಲ್ಲ. ಕಲಿಯುವವರಿಗೆ ಇದು ನಿಜವಾದ ಕೊರತೆ. ಹಿಂದೆ ಅರ್ಥಭೇದ ತೋರಿಸಲೆಂದೇ ಸುಮಾರು 150 ಪದಗಳ ಮೇಲೆ ಹೆಚ್ಚುವರಿ ಗೆರೆ ಹಾಕುತ್ತಿದ್ದರು. 2016ರಲ್ಲಿ, ಭಾಷೆಯ ನಿಯಮ ಹೇಳುವ ಕ್ಯಾಟಲಾನ್ ಅಧ್ಯಯನ ಸಂಸ್ಥೆ ಅವನ್ನು 15ಕ್ಕೆ ಇಳಿಸಿತು. 'ಕರಡಿ' ಮತ್ತು 'ಎಲುಬು' ಎಂಬ ಅರ್ಥದ ಎರಡು ಪದಗಳು ಈಗ ಅಕ್ಷರಕ್ಕೆ ಅಕ್ಷರ ಒಂದೇ. ಮೊದಲು ಕರಡಿಯ ಮೇಲೆ ಗೆರೆ ಇತ್ತು. ಮಾತಿನಲ್ಲಿ ಇಂದಿಗೂ ಕರಡಿಯದು ಮುಚ್ಚಿದ ಒ, ಎಲುಬಿನದು ತೆರೆದ ಒ. ಸಂದರ್ಭದಿಂದ ಅರ್ಥ ತಿಳಿಯುತ್ತದೆ ಎಂಬ ಸಂಸ್ಥೆಯ ವಾದ ಭಾಷೆ ಬಲ್ಲವರಿಗೆ ಸರಿ. ಹೊರಗಿನಿಂದ ಬಂದು ಕಲಿಯುವವನ ಪರವಾಗಿ ಹೇಳುವುದಾದರೆ, ಆ ಗೆರೆಗಳು ಉಳಿಯಬೇಕಿತ್ತು.

ವ್ಯಂಜನಗಳಲ್ಲಿ ಇಂಗ್ಲಿಷಿನವರ ಕೈ ಮತ್ತೆ ಮೇಲಾಗಿದೆ. ಸ್ವರಗಳ ನಡುವಿನ ಒಂಟಿ ಎಸ್ 'ಜ಼' ಆಗುತ್ತದೆ. 'ಮನೆ' ಎಂಬುದು 'ಕಾಜ಼'. ಸ್ಪ್ಯಾನಿಷ್ ಬಲ್ಲವರು 'ಕಾಸ' ಎನ್ನುತ್ತಾರೆ, ಇಂಗ್ಲಿಷಿನಲ್ಲಿ 'ಜ಼' ಸಹಜವಾಗಿಯೇ ಇದೆ. ಜೆ ಅಕ್ಷರವೂ, ಕೆಲವು ಸ್ವರಗಳ ಮುಂದಿನ ಜಿ ಅಕ್ಷರವೂ 'ಮೆಷರ್' ಪದದ ಧ್ವನಿ. ಎಕ್ಸ್ ಬಹಳ ಕಡೆ 'ಶ'. ಚಾಕೊಲೇಟ್ ಅಲ್ಲಿ 'ಶುಕುಲಾತ', ಮೀನು 'ಪೆಶ್'. ಸ್ವರಗಳ ನಡುವಿನ ಡಿ ಮೃದುವಾಗಿ, ಇಂಗ್ಲಿಷಿನ 'ಮದರ್' ಪದದ ನಡುವಿನ ಧ್ವನಿಯಂತೆ ಕೇಳುತ್ತದೆ. ಅಮೆರಿಕದವರಿಗೆ ಇನ್ನೂ ಒಂದು ಅನುಕೂಲ: 'ವಾಟರ್' ಎನ್ನುವಾಗ ಅವರ ನಾಲಿಗೆ ನಡುವೆ ಒಮ್ಮೆ ಮೇಲಕ್ಕೆ ತಾಗಿ ಬರುತ್ತದೆಯಲ್ಲ, ಕ್ಯಾಟಲಾನಿನ ಒಂಟಿ ರ ಅದೇ. 'ಫುಲ್' ಪದದ ಕೊನೆಯಲ್ಲಿ ಬರುವ ಗಂಟಲಿನ ಲ ಕೂಡ ಕ್ಯಾಟಲಾನಿನದೇ. ಆ ಲ-ಕಾರದಿಂದಲೇ ಸ್ಪ್ಯಾನಿಷ್ ಮಾತನಾಡುವ ಕ್ಯಾಟಲೋನಿಯಾದವರನ್ನು ಗುರುತಿಸುವುದುಂಟು.

ಬದಲಾಗಬೇಕಾದದ್ದು ಪ, ತ, ಕ. ಇಂಗ್ಲಿಷಿನವರು ಪದದ ಮೊದಲಲ್ಲಿ ಇವನ್ನು ಉಸಿರು ಸೇರಿಸಿ ನುಡಿಯುತ್ತಾರೆ. ರೊಟ್ಟಿಗೆ ಟೊಮೇಟೊ ಉಜ್ಜಿ ಎಣ್ಣೆ ಹಾಕಿದ 'ಪಾಮ್ ತುಮಾಕತ್' ಅಲ್ಲಿನ ದಿನನಿತ್ಯದ ತಿನಿಸು. ಅದನ್ನು ಕೇಳುವಾಗ ಇಂಗ್ಲಿಷ್ ಬಾಯಲ್ಲಿ ಪ ಹೋಗಿ ಫ ಆಗುತ್ತದೆ, ತ ಹೋಗಿ ಉಸಿರು ತುಂಬಿದ ಟ ಆಗುತ್ತದೆ. ಅಂಗೈಯನ್ನು ತುಟಿಯ ಮುಂದೆ ಹಿಡಿದು ಉಸಿರು ತಾಗದಂತೆ ಹೇಳುವ ಹಳೆಯ ಅಭ್ಯಾಸವೇ ಇದಕ್ಕೆ ಮದ್ದು.

ಎರಡು ಎಲ್ ಸೇರಿದರೆ ಬರುವ ಧ್ವನಿ ಲ ಮತ್ತು ಯ ಬೆಸೆದುಕೊಂಡಂತೆ, ಆದರೆ ಒಂದೇ ಧ್ವನಿ. ಮಯೋರ್ಕಾದ ಮಧ್ಯಯುಗದ ತತ್ವಜ್ಞಾನಿ ರಮೋನ್ ಲ್ಯುಲ್ಯ್ ಹೆಸರಿನ ಎರಡೂ ತುದಿಯಲ್ಲಿ ಅದೇ ಇದೆ. ಪದದ ಕೊನೆಯಲ್ಲಿ ಅದನ್ನು ಹೇಳುವುದು ಇಂಗ್ಲಿಷಿನವರಿಗೆ ನಿಜಕ್ಕೂ ಹೊಸತು. ಎನ್ ಮತ್ತು ವೈ ಸೇರಿದರೆ 'ಞ'. 1940ರಲ್ಲಿ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋನ ಆಡಳಿತ ಮುನ್‌ಝುಈಕ್ ಕೋಟೆಯಲ್ಲಿ ಗುಂಡಿಕ್ಕಿ ಕೊಂದ ಕ್ಯಾಟಲೋನಿಯಾದ ಅಧ್ಯಕ್ಷ ಲ್ಯುಈಸ್ ಕುಂಪಾಞ್ಸ್ ಅವರ ಹೆಸರನ್ನು ಅದೇ ಗುಡ್ಡದ ಮೇಲಿನ ಒಲಿಂಪಿಕ್ ಕ್ರೀಡಾಂಗಣಕ್ಕೆ ಇಟ್ಟಿದ್ದಾರೆ. ಇಂಗ್ಲಿಷ್ ಕಣ್ಣಿಗೆ ಆ ಹೆಸರು ವ್ಯಾಪಾರದ 'ಕಂಪನಿಗಳು' ಎಂಬಂತೆ ಕಾಣುತ್ತದೆ. ಸರಿಯಾಗಿ ಹೇಳಿದರೆ ಅದು ಒಬ್ಬ ಮನುಷ್ಯನ ಹೆಸರಾಗುತ್ತದೆ. ಉಚ್ಚಾರವನ್ನು ಗೌರವದ ವಿಷಯ ಎಂದು ನಾನು ಭಾವಿಸುವುದು ಇಂಥ ಹೆಸರುಗಳಿಂದಾಗಿ.

ಎರಡು ಎಲ್‌ಗಳ ನಡುವೆ, ಸಾಲಿನ ಮಧ್ಯದ ಎತ್ತರದಲ್ಲಿ, ಒಂದು ಚುಕ್ಕೆ ಇಟ್ಟರೆ ಅದು ಲ್ಯ ಅಲ್ಲ, ಲ್ಲ. ಬಾರ್ಸಿಲೋನಾ ಮೆಟ್ರೊದ 'ಪರಲ್ಲೇಲ್' ನಿಲ್ದಾಣದ ಫಲಕದಲ್ಲಿ ಈ ಚುಕ್ಕೆ ನೋಡಬಹುದು. ಬೇರೆ ಯಾವ ಪ್ರಮುಖ ಭಾಷೆಯ ಫಲಕದಲ್ಲೂ ಇಂಥದ್ದು ಕಾಣಸಿಗದು. ದಿನದ ಮಾತಿನಲ್ಲಿ ಹೆಚ್ಚಿನವರು ಅದನ್ನು ಒಂದೇ ಲ ಎಂದು ಹೇಳುತ್ತಾರೆ, ಆದರೂ ಚುಕ್ಕೆ ಬರೆಯಲೇಬೇಕು.

ಇನ್ನು ಐ ಮತ್ತು ಜಿ. ಪದದ ಕೊನೆಯಲ್ಲಿ ಇವೆರಡು ಸೇರಿ ಬಂದರೆ 'ಚ್'. ಮೇ ತಿಂಗಳು 'ಮಾಚ್'. 'ಬೆಟ್ಟ' ಎಂಬ ಅರ್ಥದ, ಕುಟುಂಬನಾಮವಾಗಿ ಬಹಳ ಕಡೆ ಕಾಣುವ ಪದ 'ಪುಚ್'. 2017ರ ಅಕ್ಟೋಬರಿನಲ್ಲಿ ಕ್ಯಾಟಲೋನಿಯಾದ ಸ್ವಾತಂತ್ರ್ಯದ ಜನಮತಗಣನೆಯ ಸುದ್ದಿ ಓದುತ್ತ ಜಗತ್ತಿನ ವಾಹಿನಿಗಳು ಅಂದಿನ ಅಧ್ಯಕ್ಷರ ಹೆಸರನ್ನು ಹತ್ತಾರು ಬಗೆಯಲ್ಲಿ ಹೇಳಿದವು. ಆ ಹೆಸರು 'ಕಾರ್ಲಸ್ ಪುಜ್‌ದಮೋನ್'. ಇದುವರೆಗೆ ಹೇಳಿದ್ದನ್ನೆಲ್ಲ ಅದರಲ್ಲಿ ಓದಬಹುದು. ಐ-ಜಿ ಸೇರಿ ಚ್, ಮುಂದಿನ ದ ಕಾರದ ಘೋಷಕ್ಕೆ ಸೋತು ಜ್. ನಡುವಿನ ಸ್ವರ ಒತ್ತಿಲ್ಲದ್ದರಿಂದ ತಟಸ್ಥ. ಕೊನೆಯಲ್ಲಿ ಬರೆದ ಟಿ ಮೌನ. ಪದ ವ್ಯಂಜನದಲ್ಲಿ ಮುಗಿದಿರುವುದರಿಂದ ಒತ್ತು ಕೊನೆಗೆ.

ಆ ಟಿ ಮೌನವಾಗಿದ್ದರೆ ಬರೆಯುವುದೇಕೆ ಎಂದು ಇಂಗ್ಲಿಷಿನವರು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಕೊಡಲು ಪುಂಪೇವ್ ಫಾಬ್ರ ಎಂಬ ವ್ಯಕ್ತಿಯ ಬಗ್ಗೆ ಹೇಳಬೇಕು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕ್ಯಾಟಲಾನಿನಲ್ಲಿ ಕವಿತೆ, ನಾಟಕ, ಪತ್ರಿಕೆಗಳು ಬೇಕಾದಷ್ಟಿದ್ದವು, ಆದರೆ ಪ್ರತಿಯೊಬ್ಬರ ಕಾಗುಣಿತ ಬೇರೆ. ಭಾಷೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದಿಂದ ಆಡಳಿತದ ಹೊರಗಿತ್ತು, ನಿಯಮ ಹೇಳುವವರು ಇರಲಿಲ್ಲ. 1868ರಲ್ಲಿ ಹುಟ್ಟಿದ ಫಾಬ್ರ ಕೈಗಾರಿಕಾ ಎಂಜಿನಿಯರ್. 1902ರಿಂದ 1912ರವರೆಗೆ ಬಿಲ್ಬಾವೋ ನಗರದ ಎಂಜಿನಿಯರಿಂಗ್ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು, ಬಿಡುವಿನಲ್ಲಿ ತಮ್ಮ ಭಾಷೆಯ ವ್ಯಾಕರಣ ಬರೆಯುತ್ತಿದ್ದರು. 1907ರಲ್ಲಿ ಸ್ಥಾಪನೆಯಾದ ಕ್ಯಾಟಲಾನ್ ಅಧ್ಯಯನ ಸಂಸ್ಥೆ 1913ರ ಜನವರಿಯಲ್ಲಿ ಕಾಗುಣಿತದ ನಿಯಮಗಳನ್ನು ಪ್ರಕಟಿಸಿತು. ಅವುಗಳ ಹಿಂದಿನ ಮುಖ್ಯ ಬುದ್ಧಿ ಫಾಬ್ರ ಅವರದು. 1918ರಲ್ಲಿ ವ್ಯಾಕರಣ, 1932ರಲ್ಲಿ ನಿಘಂಟು ಬಂದವು.

ಅವರು ಬಾರ್ಸಿಲೋನಾದ ಉಚ್ಚಾರವನ್ನು ಹಾಗೆಯೇ ಬರಹಕ್ಕೆ ಇಳಿಸಬಹುದಿತ್ತು. ರಾಜಧಾನಿ ಅದು, ಮುದ್ರಣಾಲಯಗಳು ಅಲ್ಲಿದ್ದವು. ಹಾಗೆ ಮಾಡಲಿಲ್ಲ. 'ಬಾಗಿಲು' ಎಂಬ ಪದ ನೋಡಿ. ಬಾರ್ಸಿಲೋನಾದಲ್ಲಿ ಏಕವಚನ 'ಪೋರ್ತ', ಬಹುವಚನ 'ಪೋರ್ತಸ್', ಕೊನೆಯ ಸ್ವರ ಎರಡರಲ್ಲೂ ಒಂದೇ ತಟಸ್ಥ ಸ್ವರ. ಒಂದೇ ಅಕ್ಷರದಿಂದ ಬರೆದರೆ ಸಾಕಿತ್ತು, ಹಾಗೆ ಬರೆಯಬೇಕೆನ್ನುವ ದೊಡ್ಡ ಪಕ್ಷವೂ ಇತ್ತು. ಆದರೆ ವೆಲೆನ್ಸಿಯಾದವರು 'ಪೋರ್ತಾ', 'ಪೋರ್ತೆಸ್' ಎಂದು ಸ್ಪಷ್ಟ ಭೇದ ಮಾಡುತ್ತಾರೆ. ಫಾಬ್ರ ಭೇದವನ್ನು ಉಳಿಸಿದರು. ಬಾರ್ಸಿಲೋನಾದವನು ತನಗೆ ಕೇಳದ ಭೇದವನ್ನು ಬರೆಯುತ್ತಾನೆ, ಏಕೆಂದರೆ ವೆಲೆನ್ಸಿಯಾದವನಿಗೆ ಅದು ಕೇಳುತ್ತದೆ. ಮೌನವಾದ ಟಿ, ಪಿ ಕೂಡ ಹಾಗೆಯೇ, ವೆಲೆನ್ಸಿಯಾದಲ್ಲಿ ಅವು ನುಡಿಯುತ್ತವೆ. 'ಬೀದಿ' ಎಂಬ ಪದವನ್ನು ಬಾರ್ಸಿಲೋನಾದಲ್ಲಿ 'ಕರ್ರೇ' ಎನ್ನುತ್ತಾರೆ, ಫಲಕದ ಮೇಲೆ ಕೊನೆಯಲ್ಲಿ ಆರ್ ಇದೆ, ವೆಲೆನ್ಸಿಯಾದಲ್ಲಿ ಆ ಆರ್ ಕೇಳಿಸುತ್ತದೆ. ಬಾರ್ಸಿಲೋನಾದಲ್ಲಿ ವಿ ಮತ್ತು ಬಿ ಎರಡೂ ಬ. ಮಯೋರ್ಕಾದಲ್ಲಿ ವ ಬೇರೆ, ಬ ಬೇರೆ. ಬರಹ ಎರಡನ್ನೂ ಇಟ್ಟುಕೊಂಡಿದೆ.

ಕೆಲವೊಮ್ಮೆ ಮೌನ ಅಕ್ಷರ ಒಂದೇ ಊರಿನ ಮಾತಿನಲ್ಲೂ ಎಚ್ಚರಗೊಳ್ಳುತ್ತದೆ. 'ಮೊದಲನೆಯವನು' ಎಂಬುದು 'ಪ್ರಿಮೇ', ಆರ್ ಮೌನ. 'ಮೊದಲನೆಯವಳು' ಎಂದಾಗ 'ಪ್ರಿಮೇರ', ಆರ್ ಹಾಜರು. 'ಸಂತ' ಎಂಬ ಪದದ ಟಿ 'ಸಾನ್ ಝುಆನ್' ಎನ್ನುವಾಗ ಇಲ್ಲ, 'ಸಾನ್ ತನ್ತೋನಿ' ಎನ್ನುವಾಗ ಮುಂದಿನ ಸ್ವರದ ಆಸರೆಯಿಂದ ಇದೆ. ಇಂಗ್ಲಿಷಿನ ಮೌನ ಅಕ್ಷರಗಳು ಬಹುಮಟ್ಟಿಗೆ ಸತ್ತ ಉಚ್ಚಾರದ ಗುರುತುಗಳು. ಇವು ಪಕ್ಕದ ಊರಿನಲ್ಲೋ ಪಕ್ಕದ ಪದದಲ್ಲೋ ಜೀವಂತವಾಗಿರುವ ಅಕ್ಷರಗಳು. ಈ ವ್ಯತ್ಯಾಸ ತಿಳಿದ ದಿನ ಕಾಗುಣಿತದ ಮೇಲಿನ ಸಿಟ್ಟು ಇಳಿಯುತ್ತದೆ.

ಫಾಬ್ರ ಎಲ್ಲವನ್ನೂ ಉಳಿಸಲಿಲ್ಲ ಎಂಬುದನ್ನೂ ಹೇಳಬೇಕು. ಹಳೆಯ ಬರಹದಲ್ಲಿ ಪದದ ಕೊನೆಯ ಕ ಧ್ವನಿಯನ್ನು ಸಿ-ಎಚ್ ಎಂದು ಬರೆಯುತ್ತಿದ್ದರು. ಹೊಸ ನಿಯಮದಲ್ಲಿ ಆ ಎಚ್ ಹೋಯಿತು. ಆದರೆ ಕುಟುಂಬನಾಮಗಳಲ್ಲಿ ಉಳಿದುಕೊಂಡಿತು. 1908ರಲ್ಲಿ ಪೂರ್ಣಗೊಂಡ ಕ್ಯಾಟಲಾನ್ ಸಂಗೀತ ಭವನದ ವಾಸ್ತುಶಿಲ್ಪಿಯನ್ನು ಇಂಗ್ಲಿಷ್ ಮಾರ್ಗದರ್ಶಿಗಳು 'ಡೊಮೆನೆಚ್' ಎನ್ನುವುದು ಇದರಿಂದ. ಅವರು ಲ್ಯುಈಸ್ ದುಮೇನಕ್ ಇ ಮುಂತನೇ.

1932ರಲ್ಲಿ ವೆಲೆನ್ಸಿಯಾದ ಲೇಖಕರು ಕಾಸ್ತೆಲ್ಯೋ ನಗರದಲ್ಲಿ ಸೇರಿ, ಸಣ್ಣ ಹೊಂದಾಣಿಕೆ ಮಾಡಿಕೊಂಡು, ಇದೇ ಕಾಗುಣಿತವನ್ನು ಒಪ್ಪಿದರು. ಹೊಂದಾಣಿಕೆಗೆ ಒಂದು ಉದಾಹರಣೆ: 'ಇಂಗ್ಲಿಷ್' ಎಂಬ ಪದದ ಮೇಲಿನ ಗೆರೆ ಬಾರ್ಸಿಲೋನಾದಲ್ಲಿ ಇಳಿಯುತ್ತದೆ, ವೆಲೆನ್ಸಿಯಾದಲ್ಲಿ ಏರುತ್ತದೆ, ಏಕೆಂದರೆ ಅಲ್ಲಿಯ ಎ ಮುಚ್ಚಿದ್ದು. ಏಳು ವರ್ಷಗಳ ನಂತರ ಅಂತರ್ಯುದ್ಧ ಮುಗಿದು ಫ್ರಾಂಕೋ ಆಡಳಿತ ಬಂತು. ಕ್ಯಾಟಲಾನ್ ಶಾಲೆ, ಕಚೇರಿ, ಪತ್ರಿಕೆಗಳಿಂದ ಹೊರಬಿತ್ತು. ಫಾಬ್ರ ಗಡಿ ದಾಟಿ ಫ್ರಾನ್ಸಿಗೆ ಹೋದರು, 1948ರ ಡಿಸೆಂಬರ್ 25ರಂದು ಪ್ರಾದ ಎಂಬ ಊರಿನಲ್ಲಿ ದೇಶಭ್ರಷ್ಟರಾಗಿಯೇ ತೀರಿಕೊಂಡರು. ನಮ್ಮ ವಿಷಯಕ್ಕೆ ಹತ್ತಿರದ ಒಂದು ಸಂಗತಿ: ತಾಯ್ನಾಡಿನಲ್ಲಿ ಭಾಷೆಗೆ ನಿಷೇಧವಿದ್ದಾಗ, 1943ರಲ್ಲಿ, ಇಂಗ್ಲೆಂಡಿನಲ್ಲಿ ನೆಲೆಸಿದ್ದ ಝುಆನ್ ಝಿಲಿ ಎಂಬ ಪ್ರಕಾಶಕರು ಇಂಗ್ಲಿಷ್ ಓದುಗರಿಗಾಗಿ ಕ್ಯಾಟಲಾನ್ ವ್ಯಾಕರಣವೊಂದನ್ನು ಬರೆದು ಹೊರತಂದರು. ಇಂಗ್ಲಿಷಿನಲ್ಲಿ ಕ್ಯಾಟಲಾನ್ ಕಲಿಯುವವರಿಗೆ ಹಲವು ಕಾಲ ಅದೇ ದಾರಿದೀಪ.

1978ರಲ್ಲಿ ಭಾಷೆ ಮತ್ತೆ ಶಾಲೆಗೆ ಬಂತು. ಅಷ್ಟರಲ್ಲಿ ಒಂದು ಇಡೀ ತಲೆಮಾರು ಮನೆಯಲ್ಲಿ ಕ್ಯಾಟಲಾನ್ ಆಡುತ್ತ, ಸ್ಪ್ಯಾನಿಷಿನಲ್ಲಿ ಮಾತ್ರ ಬರೆಯಲು ಕಲಿತು ದೊಡ್ಡದಾಗಿತ್ತು. ಆ ಪೀಳಿಗೆಯ ಹಲವರು ವಯಸ್ಕರಾದ ಮೇಲೆ ಸಂಜೆ ತರಗತಿಗಳಲ್ಲಿ ತಮ್ಮದೇ ಭಾಷೆಯ ಕಾಗುಣಿತ ಕಲಿತರು. ಎಲ್ಲಿ ಒ, ಎಲ್ಲಿ ಉ, ಎಲ್ಲಿ ಯಾವ ಅಕ್ಷರದ ತಟಸ್ಥ ಸ್ವರ ಎಂದು ತಡವರಿಸುವ ಇಂಗ್ಲಿಷ್ ವಿದ್ಯಾರ್ಥಿ, ತನ್ನ ಎದುರಿನ ಎಪ್ಪತ್ತರ ಅಜ್ಜಿಯೂ ಅದೇ ಪ್ರಶ್ನೆಗಳೊಂದಿಗೆ ಹೋರಾಡಿದವಳು ಎಂಬುದನ್ನು ತಿಳಿದಿರಬೇಕು.

ಈ ಇತಿಹಾಸದ ನೆರಳು ಇಂದಿಗೂ ಅಂಗಡಿಯ ಕಟ್ಟೆಯ ಮೇಲೆ ಬೀಳುತ್ತದೆ. ಹೊರಗಿನವರು ಕ್ಯಾಟಲಾನಿನಲ್ಲಿ ಮಾತು ಶುರು ಮಾಡಿದರೆ, ಸ್ಥಳೀಯರು ಸೌಜನ್ಯದಿಂದ ಸ್ಪ್ಯಾನಿಷಿಗೆ ಹೊರಳುತ್ತಾರೆ. ಉಚ್ಚಾರದಲ್ಲಿ ಸ್ಪ್ಯಾನಿಷ್ ವಾಸನೆ ಇದ್ದಷ್ಟೂ ಹೊರಳುವುದು ಬೇಗ. 'ಕಾಸ' ಎಂದವರಿಗೆ ಸ್ಪ್ಯಾನಿಷಿನಲ್ಲಿ ಉತ್ತರ ಬರುವುದನ್ನೂ, ಇಂಗ್ಲಿಷ್ ಧಾಟಿಯಲ್ಲೇ ಆದರೂ 'ಕಾಜ಼' ಎಂದವರೊಂದಿಗೆ ಮಾತು ಕ್ಯಾಟಲಾನಿನಲ್ಲಿ ಮುಂದುವರಿಯುವುದನ್ನೂ ನಾನು ಮತ್ತೆ ಮತ್ತೆ ನೋಡಿದ್ದೇನೆ. ಆದ್ದರಿಂದ ಹೊಸಬರಿಗೆ ನನ್ನ ಸಲಹೆ: ಮೊದಲ ವಾರಗಳಲ್ಲಿ ಪಠ್ಯಪುಸ್ತಕ ತೆರೆಯುವ ಮೊದಲು ಊರಿನ, ಬೀದಿಯ, ಮನುಷ್ಯರ ಹೆಸರುಗಳನ್ನು ಗಟ್ಟಿಯಾಗಿ ಓದಿ. ಒತ್ತು ಗುರುತಿಸಿ, ಉಳಿದ ಸ್ವರಗಳನ್ನು ಕುಗ್ಗಿಸಿ. ಕ್ರಿಯಾಪದಗಳು ಆಮೇಲೆ ಬರಲಿ.

ಸಭಿಕರ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ದಾಖಲಿಸುತ್ತೇನೆ.

ಯಾವ ಪ್ರದೇಶದ ಉಚ್ಚಾರ ಕಲಿಯಬೇಕು ಎಂದು ಒಬ್ಬರು ಕೇಳಿದರು. ನೀವು ಇರುವ ಊರಿನದು. ವೆಲೆನ್ಸಿಯಾಕ್ಕೆ ಹೋಗುವವರಿಗೆ ನಾನು ಇಷ್ಟು ಹೊತ್ತು ಹೇಳಿದ ಸ್ವರ ಕುಗ್ಗುವಿಕೆ ಬೇಕಾಗುವುದಿಲ್ಲ, ಅಲ್ಲಿ ಒತ್ತಿಲ್ಲದ ಕಡೆಯೂ ಐದು ಸ್ವರಗಳು ಬೇರೆಬೇರೆಯಾಗಿ ಕೇಳುತ್ತವೆ. ಮಯೋರ್ಕಾದಲ್ಲಿ ತಟಸ್ಥ ಸ್ವರದ ಮೇಲೆ ಒತ್ತು ಕೂಡ ಬೀಳಬಹುದು. ಓದುವ ಪುಸ್ತಕದ ಕಾಗುಣಿತ ಮೂರೂ ಕಡೆ ಬಹುತೇಕ ಅದೇ.

ಕನ್ನಡಿಗರಿಗೆ ಇದು ಸುಲಭವೇ ಎಂಬುದು ಇನ್ನೊಂದು ಪ್ರಶ್ನೆ. ಪ, ತ, ಕ ಧ್ವನಿಗಳಲ್ಲಿ ನಾವು ಇಂಗ್ಲಿಷಿನವರಿಗಿಂತ ಮುಂದೆ. ನಮ್ಮ ತ, ದ ಹಲ್ಲಿಗೆ ತಾಗುವಂತೆ ಅವರದೂ ತಾಗುತ್ತದೆ. 'ಞ'ಗೆ ಅಕ್ಷರವೇ ಇದೆ, ಲ್ಲ ನಮಗೆ ದಿನದ ಧ್ವನಿ. ಆದರೆ ಬರೆದ ಪ್ರತಿಯೊಂದು ಸ್ವರವನ್ನೂ ಪೂರ್ತಿಯಾಗಿ ನುಡಿಯುವುದು ನಮ್ಮ ಓದಿನ ಸಂಸ್ಕಾರ. ಒತ್ತಿಲ್ಲದ ಸ್ವರವನ್ನು ಕೈಬಿಡುವುದು ನಮಗೆ ಇಂಗ್ಲಿಷಿನವರಿಗಿಂತ ಕಷ್ಟ. 'ಜ಼' ಕೂಡ ನಮ್ಮಲ್ಲಿ ಹಲವರ ಬಾಯಲ್ಲಿ 'ಜ' ಆಗಿಬಿಡುತ್ತದೆ.

ಗೆರೆ ಇಲ್ಲದ ಪದದಲ್ಲಿ ಸ್ವರ ತೆರೆದದ್ದೋ ಮುಚ್ಚಿದ್ದೋ ತಿಳಿಯುವುದು ಹೇಗೆ ಎಂದು ಭಾಷಾಶಾಸ್ತ್ರದ ವಿದ್ಯಾರ್ಥಿನಿಯೊಬ್ಬರು ಕೇಳಿದರು. ಅಂದಿನ ಅತ್ಯುತ್ತಮ ಪ್ರಶ್ನೆ ಅದು. ಮಯೋರ್ಕಾದ ಪಾದ್ರಿ ಅಂತೋನಿ ಮರೀಅ ಅಲ್ಕುಬೇ ಶುರು ಮಾಡಿ, ಅವರ ಶಿಷ್ಯ ಫ್ರನ್ಸೇಸ್ಕ್ ದ ಬೋರ್ಝ ಮೋಲ್ಯ್ ಮುಗಿಸಿದ ಹತ್ತು ಸಂಪುಟಗಳ ನಿಘಂಟೊಂದಿದೆ. ಕೊನೆಯ ಸಂಪುಟ ಬಂದದ್ದು 1962ರಲ್ಲಿ. ಕ್ಯಾಟಲೋನಿಯಾ, ವೆಲೆನ್ಸಿಯಾ, ಬ್ಯಾಲಿಯಾರಿಕ್ ದ್ವೀಪಗಳು ಮೂರರ ಹೆಸರನ್ನೂ ಅದರ ಶೀರ್ಷಿಕೆಯಲ್ಲೇ ಹೊತ್ತಂತಿದೆ. ಪದಗಳು ಯಾವ ಊರಿನಲ್ಲಿ ಹೇಗೆ ಉಚ್ಚಾರವಾಗುತ್ತವೆ ಎಂಬುದನ್ನು ಅದು ಧ್ವನಿಲಿಪಿಯಲ್ಲಿ ಊರಿನ ಹೆಸರು ಸಮೇತ ಕೊಡುತ್ತದೆ, ಮತ್ತು ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಹೊಸ ಪದ ಬಂದಾಗಲೆಲ್ಲ ಅರ್ಥದ ಜೊತೆಗೆ ಆ ಸಾಲನ್ನೂ ನೋಡಿ, ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಆ ಪದದ ಮೇಲೆ ಇಳಿಯುವ ಅಥವಾ ಏರುವ ಗೆರೆಯನ್ನು ಪೆನ್ಸಿಲಿನಲ್ಲಿ ನೀವೇ ಹಾಕಿಕೊಳ್ಳಿ.